ನಿಜದ ಡಬ್ಬಿ, ನಡೆಯುತ್ತೆ ಡಬ್ಬಿ

ಕುಕ್ಕರ್ ರಿಪೇರಿಯ ಆ ಅಂಗಡಿಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಮೂರನೆಯವರು ರಸ್ತೆಯಲ್ಲಿರಬೇಕು. ಕೂರುವ ಜಾಗ ಇಪ್ಪತ್ತೆರಡು ವರ್ಷದಿಂದ ಸೀಟಿ ಅಕ್ಕನದು. ಆ ಹೆಸರಿಟ್ಟವರು ಯಾರೋ ಗಿರಾಕಿಗಳು; ಈಗ ಕರೆಂಟ್ ಬಿಲ್ಲು ಕೊಡಲು ಬರುವವನೂ ಹಾಗೇ ಕೂಗುತ್ತಾನೆ. ಒಲೆಯ ಮೇಲಿಟ್ಟ ಕುಕ್ಕರನ್ನು ಅವಳು ನೋಡುವುದಿಲ್ಲ, ಕೇಳುತ್ತಾಳೆ. “ಇದು ಸೀಟಿಯಲ್ಲ, ನಿಟ್ಟುಸಿರು. ಗ್ಯಾಸ್ಕೆಟ್ ಹೋಗಿದೆ” ಎನ್ನುತ್ತಾಳೆ. “ಇದಕ್ಕೆ ಗಂಟಲು ಕಟ್ಟಿದೆ, ಸೀಟಿಯ ತೂತಲ್ಲಿ ಏನೋ ಸಿಕ್ಕಿಕೊಂಡಿದೆ” ಎನ್ನುತ್ತಾಳೆ. ಹೇಳಿದ್ದು ತಪ್ಪಿದ್ದು ಕಡಿಮೆ.

ಕೆಲಸ ಕಲಿಸಿದವರು ಮಾವ. ಅವರ ಹಿರಿಯ ಮಗನಿಗೆ, ಅಂದರೆ ಇವಳ ಗಂಡನಿಗೆ, ಸೀಟಿ ಕೇಳಿದರೆ ತಲೆನೋವು. ಅವನು ಬಸ್ಸಿನ ಸ್ಟೇರಿಂಗ್ ಹಿಡಿದ. “ಹಾರ್ನ್ ತಲೆನೋವಲ್ವೇನೋ?” ಎಂದು ಮಾವ ಕೇಳಿದರೆ, “ಅದನ್ನ ಒತ್ತೋನು ನಾನೇ ಅಲ್ವಾ” ಎಂದಿದ್ದ. ಚಿಕ್ಕ ಮಗನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಹೀಗೆ ಮಾವನ ಇಕ್ಕಳ, ಸ್ಟೂಲು, ಎರಡು ತಗಡಿನ ಡಬ್ಬಿ ಸೊಸೆಯ ಪಾಲಿಗೆ ಬಂದವು.

ಡಬ್ಬಿಗಳ ಮೇಲೆ ಮಾವ ಬಣ್ಣದಲ್ಲಿ ಬರೆದಿದ್ದರು: ಒಂದರ ಮೇಲೆ ‘ನಿಜ’, ಇನ್ನೊಂದರ ಮೇಲೆ ‘ನಡೆಯುತ್ತೆ’. ಕಂಪನಿಯಿಂದಲೇ ಬಂದ ಬಿಡಿಭಾಗ ‘ನಿಜ’. ಯಾರೋ ಅದರಂತೆಯೇ ಮಾಡಿ ಅಗ್ಗಕ್ಕೆ ಬಿಟ್ಟದ್ದು ‘ನಡೆಯುತ್ತೆ’. ಬಂದವರನ್ನು ಅವಳು ಮೊದಲು ಕೇಳುವುದೇ, “ನಿಜ ಬೇಕಾ, ನಡೆಯುತ್ತೆ ಸಾಕಾ?” ಹಿಡಿಕೆಗೆ, ಸ್ಕ್ರೂಗೆ ನಡೆಯುತ್ತೆ ಸಾಕೆಂದು ತಾನೇ ಹೇಳಿಯೂ ಬಿಡುತ್ತಾಳೆ. ಮುಚ್ಚಳದ ಮೇಲಿನ ಸೇಫ್ಟಿ ವಾಲ್ವ್‌ಗೆ ಮಾತ್ರ ಆ ಪ್ರಶ್ನೆಯಿಲ್ಲ. ಸೀಟಿಯ ತೂತು ಕಟ್ಟಿಕೊಂಡರೆ ಒಳಗಿನ ಹಬೆಗೆ ಉಳಿಯುವ ಬಾಗಿಲು ಅದೊಂದೇ. ಅದರ ನಡುವಿನ ಮೆದು ಲೋಹ ಕಾವಿಗೆ ಕರಗಿ ದಾರಿ ಬಿಡಬೇಕು. “ಸೇಫ್ಟಿಗೆ ನಡೆಯುತ್ತೆ ಅನ್ನೋ ಹಾಗಿಲ್ಲ ತಾಯಿ, ನಡೆದ್ರೆ ಆಸ್ಪತ್ರೆಗೇ ನಡೆಯೋದು” ಎನ್ನುತ್ತಿದ್ದರು ಮಾವ. ಅದಕ್ಕೇ ನಡೆಯುತ್ತೆ ಡಬ್ಬಿಯಲ್ಲಿ ವಾಲ್ವ್ ಎಂದೂ ಇರಲಿಲ್ಲ.

ಒಂದು ಬೆಳಗ್ಗೆ ಪಕ್ಕದ ಬೀದಿಯ ನಿವೃತ್ತ ಟೀಚರ್ ಬಟ್ಟೆಚೀಲದಲ್ಲಿ ಕುಕ್ಕರ್ ಹಿಡಿದು ಬಂದರು. ಬಲಗೈಗೆ ಬ್ಯಾಂಡೇಜು.

“ಏನಾಯ್ತು ಟೀಚರ್?”

“ಆಲೂಗಡ್ಡೆ ಬೇಯಿಸೋಕೆ ಇಟ್ಟಿದ್ದೆ. ಅರ್ಧ ಸೂರಿಗೆ ಅಂಟಿದೆ, ಅರ್ಧ ನನ್ನ ಕೈಗೆ. ಮುಖ ಒಂದು ಉಳೀತು, ಪುಣ್ಯ.”

ಅಕ್ಕ ಮುಚ್ಚಳ ತಿರುಗಿಸಿ ನೋಡಿದಳು. ಸೀಟಿಯ ತೂತು ಕಟ್ಟಿತ್ತು. ಗ್ಯಾಸ್ಕೆಟ್ ಹರಿದು ಹೊರಬಂದಿತ್ತು. ಸೇಫ್ಟಿ ವಾಲ್ವ್ ಮಾತ್ರ ಏನೂ ಆಗಿಲ್ಲವೆಂಬಂತೆ ಥಳಥಳ ಕೂತಿತ್ತು. ಅದನ್ನು ಕಿತ್ತು, ನಿಜದ ಡಬ್ಬಿಯಿಂದ ಇನ್ನೊಂದನ್ನು ತೆಗೆದು, ಎರಡನ್ನೂ ಕಬ್ಬಿಣದ ಹಲಗೆಯ ಮೇಲಿಟ್ಟು ಸ್ಟವ್ ಹಚ್ಚಿದಳು. ಸ್ವಲ್ಪ ಹೊತ್ತಿಗೆ ನಿಜದ ವಾಲ್ವಿನ ನಡುವಿನಿಂದ ಕಣ್ಣೀರಿನಂಥ ಒಂದು ಹನಿ ಲೋಹ ಇಳಿಯಿತು. ಟೀಚರ್ ತಂದದ್ದು ಕಾದು ಕಪ್ಪಾಯಿತು, ಕರಗಲಿಲ್ಲ.

“ಇದನ್ನ ಎಲ್ಲಿ ತಗೊಂಡ್ರಿ?”

“ಆನ್‌ಲೈನಲ್ಲಿ. ಮಂಡಿನೋವು, ನಿನ್ನ ಹತ್ರ ಬರೋಕೂ ಸೋಮಾರಿತನ ಮಾಡಿದೆ ನೋಡು. ಒರಿಜಿನಲ್ ಅಂತ ಮೂರು ಸಲ ಬರೆದಿತ್ತಮ್ಮ! ಒಂದೇ ಮಾತನ್ನ ಮೂರು ಸಲ ಹೇಳೋ ಹುಡುಗರನ್ನ ನಾನು ಕ್ಲಾಸಲ್ಲೇ ನಂಬ್ತಿರಲಿಲ್ಲ. ವಯಸ್ಸಾದ್ಮೇಲೆ ಬುದ್ಧಿ ಹೋಯ್ತು.”

ಟೀಚರ್ ಎಡಗೈಯಿಂದ ತಡಕಾಡಿ ಫೋನು ತೋರಿಸಿದರು. ‘ನೂರಕ್ಕೆ ನೂರು ಒರಿಜಿನಲ್, ಕಂಪನಿ ಒರಿಜಿನಲ್.’ ಕೆಳಗೆ ಫೋಟೋ. ಎರಡು ಬೆರಳುಗಳ ನಡುವೆ ಹಿಡಿದ ವಾಲ್ವ್. ಹೆಬ್ಬೆರಳ ಮೇಲೆ, ಯಾವುದೋ ಮುಚ್ಚಳದ ಅಂಚು ಕುಯ್ದು ಉಳಿದ ಬಿಲ್ಲಿನಂಥ ಗಾಯದ ಗುರುತು.

ಮೂರು ತಿಂಗಳ ಹಿಂದೆ ಮೈದುನ ಫೋನು ಹಿಡಿದು ಬಂದಿದ್ದ. “ಅತ್ತಿಗೆ, ನಿಜದ ಡಬ್ಬಿಯಿಂದ ಒಂದು ವಾಲ್ವ್ ಹಿಡೀರಿ. ಒಂದು ನಿಮಿಷ ಕೈ ಕೊಡಿ ಅಷ್ಟೆ.” ಕೆಲಸದ ಗಡಿಬಿಡಿಯಲ್ಲಿ ಅವಳು ಕೊಟ್ಟಿದ್ದಳು.

ಟೀಚರ್ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಅವರು ಕೈಯನ್ನು ಗಮನಿಸಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಹೊಸ ವಾಲ್ವ್ ಹಾಕಿ ಕಳಿಸಿದರೆ ಮುಗಿಯಿತು. ಆದರೆ ಇದೇ ವಾಲ್ವ್ ಇನ್ನೆಷ್ಟು ಒಲೆಗಳ ಮೇಲಿದೆಯೋ! ಸೀಟಿ ಅಕ್ಕ ಹೆಬ್ಬೆರಳನ್ನು ಸೀರೆಯ ಅಂಚಿನಲ್ಲಿ ಒರೆಸಿಕೊಂಡು ಫೋನಿನ ಪಕ್ಕ ಹಿಡಿದಳು.

“ಈ ಕೈ ನಂದೇ, ಟೀಚರ್.”

ಟೀಚರ್ ಒಮ್ಮೆ ಫೋನನ್ನು, ಒಮ್ಮೆ ಬೆರಳನ್ನು ನೋಡಿದರು. “ಹಾಗಾದ್ರೆ ಬೈಯೋದು ಯಾರಿಗೆ?”

“ನನಗೆ ಬೈದು ಹೋಗಿ. ಉಳಿದದ್ದು ನಾನು ನೋಡ್ಕೋತೀನಿ.”

ಟೀಚರ್ ಬೈಯಲಿಲ್ಲ. “ಎಲ್ಲರಿಗೂ ತಿಳಿಸು” ಎಂದಷ್ಟೇ ಹೇಳಿ ಕುಕ್ಕರ್ ಅಲ್ಲೇ ಬಿಟ್ಟು ಹೋದರು.

ಮೈದುನ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾರ್ಸಲ್‌ಗೆ ಟೇಪು ಸುತ್ತುತ್ತಿದ್ದ. ಅಕ್ಕ ಕಪ್ಪಾದ ವಾಲ್ವನ್ನು ಅವನ ಮುಂದಿಟ್ಟಳು.

“ಎಲ್ಲರೂ ಒರಿಜಿನಲ್ ಅಂತಲೇ ಹಾಕೋದು ಅತ್ತಿಗೆ. ಅದು ನಮಸ್ಕಾರ ಅಂದ ಹಾಗೆ, ಹಾಕದಿದ್ರೆ ಯಾರೂ ತಿರುಗಿ ನೋಡಲ್ಲ” ಎಂದ.

“ಫೋಟೋ ನಿಜದ್ದು, ಪಾರ್ಸಲ್ ಯಾವುದರದ್ದು?”

“ಹೋಲ್‌ಸೇಲಿನವನ ಹತ್ರ ತಂದೆ. ನೋಡೋಕೆ ಅದೇ ತರ ಇತ್ತು. ನಡೆಯುತ್ತೆ ಅಂದ್ಕೊಂಡೆ.”

“ನಡೆಯುತ್ತೆ ಡಬ್ಬಿಯಲ್ಲಿ ವಾಲ್ವ್ ಯಾಕಿಲ್ಲ ಅಂತ ಯಾವತ್ತಾದ್ರೂ ಕೇಳಿದ್ಯಾ?”

ಅವನು ತಲೆ ಕೆರೆದುಕೊಂಡ. “ಸ್ಟಾಕ್ ಖಾಲಿ ಆಗಿದೆ ಅಂದ್ಕೊಂಡಿದ್ದೆ.”

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಡಬ್ಬಿಯ ಪಕ್ಕದಲ್ಲೇ ಆಡಿ ಬೆಳೆದವನು. “ನಾನು ನಿನಗೆ ಕೈ ಕೊಟ್ಟೆ, ನೀನು ನನಗೇ ಕೈ ಕೊಟ್ಟೆಯಲ್ಲೋ” ಎಂದಳು. “ಟೀಚರ್ ಕೈ ನೋಡಿ ಬಾ ಹೋಗು.”

ಅವನು ಹೋಗಿಬಂದ. ಬಂದವನು ಟೇಪು ಸುತ್ತಿದ್ದ ಪಾರ್ಸಲ್ಲುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಆನ್‌ಲೈನಿನ ಪುಟವನ್ನು ಅವಳೆದುರೇ ಅಳಿಸಿದ. ಕೊರಿಯರ್ ಚೀಟಿಗಳನ್ನು ಹರಡಿಕೊಂಡು ಎಣಿಸಿದರೆ, ಟೀಚರನ್ನು ಬಿಟ್ಟು ಮೂವತ್ತೊಂದು ಮನೆ.

“ಏನಂತ ಬರೀಲಿ ಅತ್ತಿಗೆ? ‘ತಾಂತ್ರಿಕ ಕಾರಣಗಳಿಂದ’ ಅಂತ ಶುರು ಮಾಡ್ಲಾ?”

“ತಾಂತ್ರಿಕನೂ ಬೇಡ ಮಾಂತ್ರಿಕನೂ ಬೇಡ. ನಾನು ಹೇಳಿದ್ದು ಬರಿ.”

ಅವಳು ಹೇಳಿದ್ದು ಇಷ್ಟು: ‘ನಾವು ಕಳಿಸಿದ ಸೇಫ್ಟಿ ವಾಲ್ವ್ ನಿಜದ್ದಲ್ಲ. ಅದು ನಡೆಯುವುದೂ ಇಲ್ಲ. ಕುಕ್ಕರ್ ಒಲೆಗಿಡಬೇಡಿ. ನಿಜದ್ದು ಕಳಿಸುತ್ತೇವೆ. ತಪ್ಪು ನಮ್ಮದು.’

ಮರುದಿನ ಮಧ್ಯಾಹ್ನದೊಳಗೆ ಇಪ್ಪತ್ತೇಳು ಮನೆಯಿಂದ ಉತ್ತರ ಬಂತು. ಕೆಲವರು ಬೈದರು. ಒಬ್ಬರು, ತಮ್ಮದು ಚೆನ್ನಾಗಿಯೇ ಇದೆ, ಸುಳ್ಳು ಸುದ್ದಿ ಹಬ್ಬಿಸಬೇಡಿ ಎಂದರು. ಅವರಿಗೆ ಮೈದುನನೇ ಫೋನು ಮಾಡಿ ಹಲಗೆಯ ಮೇಲಿನ ಹನಿಯ ಕಥೆ ಹೇಳಿದ. ಉಳಿದ ನಾಲ್ಕು ನಂಬರು ಅಕ್ಕ ತೆಗೆದುಕೊಂಡಳು. ಮೂರು ಸಿಕ್ಕಿದವು. ಕೊನೆಯದು ಬೆಳಗಿನಿಂದ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಊಟದ ಹೊತ್ತಿಗೆ, ಐದನೆಯ ಸಲಕ್ಕೆ, ಯಾರೋ ಎತ್ತಿದರು.

“ಹಲೋ, ಯಾರು?” ವಯಸ್ಸಾದ ಗಂಡಸಿನ ದನಿ.

ಅಕ್ಕ ಬಾಯಿ ತೆರೆದವಳು ಮಾತು ತಡೆದು ಕಿವಿಗೊಟ್ಟಳು. ಆ ದನಿಯ ಹಿಂದೆ ಇನ್ನೊಂದು ಸದ್ದಿತ್ತು. ಸೀಟಿಯಲ್ಲ, ನಿಟ್ಟುಸಿರೂ ಅಲ್ಲ. ಏಳಲು ಹೋಗಿ ಏಳಲಾರದೆ ಉಳಿದದ್ದು, ಗಂಟಲು ಕಟ್ಟಿದ್ದು.

“ಯಜಮಾನ್ರೇ, ಮೊದಲು ಹೋಗಿ ಒಲೆ ಆರಿಸಿ. ಕುಕ್ಕರ್ ಮುಟ್ಟಬೇಡಿ.”

“ಯಾರಮ್ಮ ನೀನು? ನಮ್ಮನೇಲಿ ಕುಕ್ಕರ್ ಇಟ್ಟಿರೋದು ನಿನಗೆ ಹೇಗೆ…”

“ಆರಿಸಿ ಬನ್ನಿ. ಆಮೇಲೆ ಹೇಳ್ತೀನಿ.”

ಚಪ್ಪಲಿ ಎಳೆದ ಸದ್ದು. ಬಾಗಿಲು. ಅಕ್ಕ ಫೋನನ್ನು ಕಿವಿಗೊತ್ತಿ ಕೂತಳು. ಮೈದುನ ಕೈಯಲ್ಲಿದ್ದ ಚೀಟಿ ಕೆಳಗಿಡಲು ಮರೆತು ಅವಳ ಮುಖವನ್ನೇ ನೋಡುತ್ತಿದ್ದ. ಟಕ್ ಎಂದು ಒಲೆಯ ನಾಬ್ ತಿರುಗಿದ ಸದ್ದಾಯಿತು. ಕಟ್ಟಿದ ಗಂಟಲು ಸ್ವಲ್ಪ ಸ್ವಲ್ಪವೇ ಇಳಿದು ಸುಮ್ಮನಾಯಿತು. ಚಪ್ಪಲಿ ಮರಳಿ ಬಂತು.

“ಆರಿಸಿದೆ. ಈಗ ಹೇಳು, ಯಾರು?”

“ನೀವು ವಾಲ್ವ್ ತರಿಸಿದ್ರಲ್ಲ, ಅದರ ಫೋಟೋದಲ್ಲಿ ಒಂದು ಕೈ ಇತ್ತಲ್ಲ,” ಎಂದಳು ಸೀಟಿ ಅಕ್ಕ, “ಆ ಕೈಯವಳು ನಾನು.”