ಎಂಟನೆಯ ಜಾಗ

ನನ್ನ ಅಣ್ಣನ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಯಾರಾದರೂ ಕೇಳಿದರೆ ‘ಲೆಕ್ಕ ತಪ್ಪಿತು’ ಎನ್ನುತ್ತಾನೆ. ಕೇಳಿದವರಿಗೆ ಏನೂ ಅರ್ಥವಾಗುವುದಿಲ್ಲ, ಸುಮ್ಮನೆ ನಗುತ್ತಾರೆ. ಅವನೂ ನಗುತ್ತಾನೆ. ಅವನ ಲೆಕ್ಕ ತಪ್ಪಿರಲಿಲ್ಲ. ಅದು ನನಗೊಬ್ಬನಿಗೇ ಗೊತ್ತು ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ನಾವು ವಿಜಾಪುರದ ಕಡೆಯವರು. ಆಗ ಡೊಂಬಿವಲಿ ಪೂರ್ವದಲ್ಲಿ ಎರಡು ಕೋಣೆಯ ಮನೆ. ಅಣ್ಣ, ನಾನು ವೈನಿ ಎನ್ನುವ ಅತ್ತಿಗೆ, ಅವರ ಪುಟ್ಟ ಮಗಳು, ನಾನು. ಅಣ್ಣ ಕಾಲೇಜು ಓದಿ ಬೇಲಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಠಾಣೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಚಪಾತಿ ಬೇಯಿಸುತ್ತಿದ್ದೆ. ಠಾಣೆಯವರೆಗೆ ಇಬ್ಬರದೂ ಒಂದೇ ಗಾಡಿ.

ಆ ಗಾಡಿ ಕಲ್ಯಾಣದಿಂದ ಹೊರಡುತ್ತಿತ್ತು. ಡೊಂಬಿವಲಿಗೆ ಬರುವಷ್ಟರಲ್ಲಿ ಒಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಲ್ಯಾಣದಲ್ಲಿ ಹತ್ತುವ ನಾಲ್ಕು ಜನ ಗೆಳೆಯರು ನಮಗಾಗಿ ಒಂದು ಸೀಟು ಹಿಡಿದಿಡುತ್ತಿದ್ದರು. ಒಂದೇ ಸೀಟು, ನಾವಿಬ್ಬರು. ಒಬ್ಬನನ್ನು ಕೈ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದರು. ಇನ್ನೊಬ್ಬ ಠಾಣೆ ಬರುವ ತನಕ ಬಾಗಿಲಲ್ಲಿ ಜೋತುಬೀಳಬೇಕು.

ಸೀಟು ಯಾರಿಗೆ ಎಂಬುದನ್ನು ಆಟ ಮಾಡಿದವನು ಆ ನಾಲ್ವರಲ್ಲಿ ಒಬ್ಬ, ಬ್ಯಾಂಕಿನ ಮರಾಠಿ ಗುಮಾಸ್ತ. ಅವನ ಮಗ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ, ಅಮೆರಿಕದ ಪಂದ್ಯಗಳನ್ನು ಬೆಳಗಿನ ಹೊತ್ತು ಕೇಬಲ್ ಟಿವಿಯಲ್ಲಿ ನೋಡುತ್ತಿದ್ದ. ಮಗನಿಂದ ಅಪ್ಪನಿಗೆ, ಅಪ್ಪನಿಂದ ಗಾಡಿಗೆ ಆ ಹುಚ್ಚು ಹತ್ತಿತು. ಅಲ್ಲಿಯೂ ನಮ್ಮ ಸ್ಟೇಶನ್ನಿನ ಹಾಗೆ ಪೂರ್ವ, ಪಶ್ಚಿಮ ಎಂದು ಎರಡು ಭಾಗ. ತಿಂಗಳುಗಟ್ಟಲೆ ಆಡಿದ ಮೇಲೆ ಒಂದೊಂದು ಭಾಗದ ಮೊದಲ ಎಂಟು ತಂಡಗಳು ಮುಂದಿನ ಸುತ್ತಿಗೆ ಹೋಗುತ್ತವೆ, ಉಳಿದವು ಮನೆಗೆ. ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂದು ಸೀಸನ್ನಿನ ನಡುವೆಯೇ ಹೇಳುವುದು ಆಟ. ಸೀಟಿಗಾಗಿ ದಿನಕ್ಕೆ ಒಂದು ಪಂದ್ಯ, ಯಾರು ಗೆಲ್ಲುತ್ತಾರೆ ಎಂದು ಹೇಳಬೇಕು. ಬೆಳಿಗ್ಗೆ ಪಂದ್ಯ ಶುರುವಾಗುವ ಮೊದಲು ಅಣ್ಣ ಮೊಬೈಲಿನಲ್ಲಿ ಬ್ಯಾಂಕಿನವನಿಗೆ ಉತ್ತರ ಕಳಿಸುತ್ತಿದ್ದ. ನಮ್ಮಿಬ್ಬರಲ್ಲಿ ಯಾರ ಮಾತು ನಿಜವಾಯಿತೋ ಅವನಿಗೆ ಸೀಟು.

“ಏಕಾ ಘರಾತ ಏಕ ಉತ್ತರ ಚಾಲಣಾರ ನಾಹೀ,” ಎಂದು ಅವನೇ ಕಾಯಿದೆ ಮಾಡಿದ. ಒಂದೇ ಮನೆಯಿಂದ ಒಂದೇ ಉತ್ತರ ನಡೆಯುವುದಿಲ್ಲ. ಅಣ್ಣ ಮೊದಲು ಹೇಳುವನು. ನನ್ನದು ಅದಕ್ಕೆ ಉಲ್ಟಾ.

ಅಣ್ಣನಿಗೆ ಪಂದ್ಯ ನೋಡುವ ಚಟವೇ ಇರಲಿಲ್ಲ. ಅವನಿಗೆ ಬೇಕಿದ್ದುದು ಅಂಕಿ. ಯಾವ ತಂಡಕ್ಕೆ ಎಷ್ಟು ಪಂದ್ಯ ಉಳಿದಿವೆ, ಎಷ್ಟು ಸ್ವಂತ ಊರಿನಲ್ಲಿ, ಯಾರು ನಿನ್ನೆ ಆಡಿ ಇವತ್ತು ದಣಿದು ಮತ್ತೆ ಆಡುತ್ತಾರೆ, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ಹೇಳುತ್ತಿದ್ದ. ಬಾಯಿಗೆ ಬಾರದ ಹೆಸರುಗಳೆಂದು ತಂಡಗಳನ್ನು ಅಂಗಿಯ ಬಣ್ಣದಿಂದ ಕರೆಯುತ್ತಿದ್ದೆವು.

“ಕೆಂಪಂಗ್ಯಾವ್ರು ಹೋಗೂದು ನೂರಕ್ಕ ಎಪ್ಪತ್ತು,” ಎನ್ನುತ್ತಿದ್ದ.

“ಅಂದ್ರ ಹೋದಂಗ ಅಲ್ಲಣ್ಣ?”

“ಹುಚ್ಚ, ಉಳದ ಮೂವತ್ತು ಎಲ್ಲಿ ಹೋತು? ಅದೂ ನಮ್ಮ ಜೋಡೀನ ಗಾಡ್ಯಾಗ ಇರ್ತದ.”

ಗಾಡಿಯವರು ಅವನನ್ನು ಪಂಡಿತ ಎನ್ನತೊಡಗಿದರು. ನನಗೆ ಹೆಸರಿರಲಿಲ್ಲ, ಧಾಕಟಾ, ಚಿಕ್ಕವ. ಡಿಸೆಂಬರಿನಿಂದ ಏಪ್ರಿಲಿನವರೆಗೆ ನಾನು ಬಾಗಿಲಲ್ಲಿ ನಿಂತೆ. ಅಪರೂಪಕ್ಕೆ ಗೆದ್ದ ದಿನವೂ “ನೀ ಹೋಗಣ್ಣ” ಎಂದುಬಿಡುತ್ತಿದ್ದೆ. ದೊಡ್ಡವನು, ಹೋಗಲಿ ಎಂದು ಮೊದಮೊದಲು. ಆಮೇಲೆ ಅವನು ಒಮ್ಮೆಯಾದರೂ ಬೇಡವೆನ್ನಲಿ ಎಂದು. ಅವನು ಬೇಡವೆನ್ನಲಿಲ್ಲ. ಬೆನ್ನು ತಟ್ಟಿ ಒಳಗೆ ಹೋಗುತ್ತಿದ್ದ.

ಬಾಗಿಲನ್ನು ನಾನು ಕಲಿತೆ. ಚೀಲವನ್ನು ಎದೆಯ ಮೇಲೆ ತಂದುಕೊಳ್ಳಬೇಕು. ಮುಖ ಒಳಗಿರಬೇಕು. ದಿವಾ ಸ್ಟೇಶನ್ ದಾಟಿದ ಮೇಲೆ ಜನ ಹಿಂದಿನಿಂದ ನೂಕಿದಾಗ ಮೈ ಸಡಿಲ ಬಿಡಬಾರದು. ಮುಂಬ್ರಾದ ತಿರುವಿನಲ್ಲಿ ಕಂಬಗಳು ಬಾಗಿಲಿಗೆ ಅಂಟಿಕೊಂಡೇ ಬರುತ್ತವೆ. ಅಲ್ಲಿ ಉಸಿರನ್ನೂ ಒಳಗೆಳೆದುಕೊಳ್ಳಬೇಕು. ಇದನ್ನೆಲ್ಲ ಅಣ್ಣನಿಗೆ ಹೇಳಿರಲಿಲ್ಲ. ಅವನಿಗೆ ಯಾಕೆ ಬೇಕು ಎಂದುಕೊಂಡಿದ್ದೆ.

ಸೀಸನ್ನಿನ ಕೊನೆಯ ದಿನ ಪಶ್ಚಿಮದಲ್ಲಿ ಎಂಟನೆಯ ಜಾಗ ಒಂದೇ ಉಳಿದಿತ್ತು. ನೀಲಿ ಅಂಗಿಯವರು ಆ ಬೆಳಗಿನ ಪಂದ್ಯ ಗೆದ್ದರೆ ಅವರಿಗೆ, ಸೋತರೆ ಬಿಳಿ ಅಂಗಿಯವರಿಗೆ. ವಾರದಿಂದ ಗಾಡಿಯಲ್ಲಿ ಅದೇ ಮಾತು. ಅಣ್ಣನ ಲೆಕ್ಕದಲ್ಲಿ ನೀಲಿ, ನೂರಕ್ಕೆ ಎಂಬತ್ತು.

ಬೆಳಿಗ್ಗೆ ಬೇಗ ನಳದ ನೀರು ಬರುತ್ತಿತ್ತು. ತುಂಬಲು ನಾನೇ ಏಳುತ್ತಿದ್ದೆ. ಟಿವಿ ಹಚ್ಚಿ, ದನಿ ಸಣ್ಣದು ಮಾಡಿ ಅಣ್ಣನಿಗಾಗಿ ಸುದ್ದಿ ನೋಡಿಡುತ್ತಿದ್ದೆ. “ನೀನ ನನ್ನ ಕಣ್ಣು” ಎನ್ನುತ್ತಿದ್ದ. ಅವತ್ತು ವೈನಿ ಟಿವಿಯ ಎದುರೇ ನೆಲದ ಮೇಲೆ ಚಾದರ ಹಾಸಿ, ಪಕ್ಕದ ಪ್ಲಗ್ಗಿಗೆ ವೈರು ಚುಚ್ಚಿ ಅಣ್ಣನ ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು. ಕಚೇರಿಗೆ ದೊಡ್ಡ ಸಾಹೇಬರು ಬರುವವರಿದ್ದರು. ಪಂದ್ಯ ಇನ್ನೂ ಶುರುವಾಗಿರಲಿಲ್ಲ. ನೀಲಿ ತಂಡದ ಮುಖ್ಯ ಆಟಗಾರ ಮೈ ಬಿಸಿ ಮಾಡಿಕೊಳ್ಳುವಾಗ ಮೊಣಕಾಲು ತಿರುಚಿ ಬಿದ್ದಿದ್ದ. ಇಬ್ಬರು ಹೆಗಲು ಕೊಟ್ಟು ಅವನನ್ನು ಒಳಗೆ ಕರೆದೊಯ್ಯುವುದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಇಂಗ್ಲಿಷ್ ಬಾರದಿದ್ದರೂ ತಿಳಿಯಿತು, ಅವನು ಆಡುವುದಿಲ್ಲ.

ಸ್ನಾನದ ಮೋರಿಯಿಂದ ಅಣ್ಣ ಕೂಗಿದ, “ಏನರ ಸುದ್ದಿ ಅದ ಏನೋ?”

ಹೇಳಿದರೆ ಅವನು ಬಿಳಿ ಎನ್ನುತ್ತಿದ್ದ. ಆಗ ನಾನು ನೀಲಿ ಎನ್ನಬೇಕು. ಮತ್ತೆ ಬಾಗಿಲು.

“ಏನಿಲ್ಲಣ್ಣ,” ಎಂದೆ. ಟಿವಿ ಆರಿಸಿದೆ. ವೈನಿ ತಲೆ ಎತ್ತಲಿಲ್ಲ. ಅಂಗಿಯ ತೋಳಿನ ಮೇಲೆ ನೀರು ಚಿಮುಕಿಸಿದರು, ಇಸ್ತ್ರಿ ಚುಯ್ ಎಂದಿತು.

ಗಾಡಿ ಪ್ಲಾಟ್‌ಫಾರ್ಮಿಗೆ ಬರುವಾಗಲೇ ಬ್ಯಾಂಕಿನವನು ಕಿಟಕಿಯ ಸರಳಿಗೆ ಮುಖ ಒತ್ತಿ ಕೂಗುತ್ತಿದ್ದ. ಮಗನಿಂದ ಅವನಿಗೆ ಫೋನು ಬಂದಿತ್ತು, ನೀಲಿಯವರು ಸೋತಿದ್ದರು.

“ಪಂಡಿತ ಫೇಲ! ಆಜ ಪಂಡಿತ ಫೇಲ! ಏ ಧಾಕಟ್ಯಾ, ಆತ ಯೇ!” ಒಳಗೆ ಬಾ ಎಂದು ನನ್ನನ್ನು ಕರೆದ.

ಅಣ್ಣ ನನ್ನ ಮುಖ ನೋಡಿದ. ನಾನು ಯಾವಾಗಲೂ ಹೇಳುವ ಮಾತಿಗೆ ಕಾದಿದ್ದ ಎಂದು ಕಾಣುತ್ತದೆ. ನಾನು ಹೇಳಲಿಲ್ಲ.

“ಹೋಗೋ, ಹೋಗು. ಇವತ್ತ ನೀ ರಾಜಾ,” ಎಂದು ಅವನೇ ನನ್ನನ್ನು ಮುಂದೆ ನೂಕಿದ.

ಕೈಗಳು ನನ್ನನ್ನು ಎಳೆದುಕೊಂಡವು. ಸೀಟಿನಲ್ಲಿ ಕೂತೆ. ಯಾರೋ ತಲೆ ಸವರಿದರು, ಯಾರೋ ಶೇಂಗಾ ಕೊಟ್ಟರು. ಜನರ ಹೆಗಲುಗಳ ನಡುವಿನ ಸಂದಿಯಲ್ಲಿ ಬಾಗಿಲು ಕಾಣುತ್ತಿತ್ತು. ಅಣ್ಣನ ಬಿಳಿ ಅಂಗಿ ಕಂಡಿತು. ಅವನು ಹೊರಗೆ ಮುಖ ಮಾಡಿ ನಿಂತಿದ್ದ. ಚೀಲ ಬಲ ಹೆಗಲಿನಲ್ಲೇ ಜೋತಾಡುತ್ತಿತ್ತು, ಹೊರಗಿನ ಗಾಳಿಗೆ ಉಬ್ಬುತ್ತಿತ್ತು. ಚೀಲ ಮುಂದೆ ತಗೋ ಎಂದು ಕೂಗಬೇಕೆಂದು ಬಾಯಿ ತೆರೆದೆ. ಬಾಯಲ್ಲಿ ಶೇಂಗಾ ಇತ್ತು. ದಿವಾ ಬರಲಿ, ಜನ ಇಳಿಯುವಾಗ ಹೇಳೋಣ ಎಂದುಕೊಂಡೆ. ದಿವಾದಲ್ಲಿ ಇಳಿದವರಿಗಿಂತ ಹತ್ತಿದವರೇ ಹೆಚ್ಚು. ಬಿಳಿ ಅಂಗಿ ಮರೆಯಾಯಿತು.

ಮುಂಬ್ರಾದ ತಿರುವಿನಲ್ಲಿ ಒಂದು ಸದ್ದು ಬಂತು. ದೊಡ್ಡದಲ್ಲ. ಡಬ್ಬಿ ಬಿದ್ದ ಹಾಗೆ. ಆಮೇಲೆ ಬಾಗಿಲಿನ ಕಡೆಯಿಂದ ಎಲ್ಲರೂ ಒಟ್ಟಿಗೆ ಕೂಗಿದರು.

ಚೀಲದ ಪಟ್ಟಿ ಕಂಬಕ್ಕೆ ಸಿಕ್ಕಿತ್ತಂತೆ. ಠಾಣೆಯ ಹತ್ತಿರದ ಕಳವಾ ಆಸ್ಪತ್ರೆಯಲ್ಲಿ ಬಿಳಿ ಅಂಗಿಯ ತೋಳನ್ನು ಕತ್ತರಿಸಿ ತೆಗೆದರು, ಎರಡು ದಿನ ಬಿಟ್ಟು ಕೈಯನ್ನು. ಎಚ್ಚರವಾದಾಗ ಅವನು ನನಗೆ ಹೇಳಿದ ಮೊದಲ ಮಾತು, “ನೀಲಿ ಹೆಂಗ ಸೋತ್ರೋ? ಎಲ್ಲಿ ತಪ್ಪಿದೆ ನಾ?”

ಅವನು ಎಡಗೈಯಲ್ಲಿ ಬರೆಯಲು ಕಲಿತ. ಕಚೇರಿಯವರು ಬೇರೆ ಟೇಬಲ್ ಕೊಟ್ಟರು. ಆದರೆ ಲೆಕ್ಕ ಬಿಟ್ಟ. ಬ್ಯಾಸ್ಕೆಟ್‌ಬಾಲ್ ಅಷ್ಟೇ ಅಲ್ಲ, ಕಿರಾಣಿ ಅಂಗಡಿಯ ಚೀಟಿಯನ್ನೂ ವೈನಿಯ ಕೈಗೆ ಕೊಟ್ಟು “ನೀನ ನೋಡು, ನನ್ನ ತಲಿ ನಂಬಬ್ಯಾಡ” ಎನ್ನುತ್ತಿದ್ದ. ಕೈ ಹೋದದ್ದಕ್ಕಿಂತ ಅದನ್ನು ಕೇಳುವುದು ನನಗೆ ಕಷ್ಟವಾಗುತ್ತಿತ್ತು. ಹೇಳಿಬಿಡಬೇಕೆಂದು ಹೋಗುತ್ತಿದ್ದೆ, ಚಹಾ ಕುಡಿದು ಬರುತ್ತಿದ್ದೆ. ಹೀಗೆ ವರ್ಷಗಳು ಹೋದವು. ಅವರು ಐರೋಲಿಗೆ ಮನೆ ಬದಲಿಸಿದರು. ಮಗಳು ಕಾಲೇಜಿಗೆ ಬಂದಳು.

ಹೋದ ಏಪ್ರಿಲಿನ ಒಂದು ರವಿವಾರ ಅವರ ಮನೆಯಲ್ಲಿ ಕೂತಿದ್ದೆ. ಹುಡುಗಿಗೆ ಈಗ ಅದೇ ಹುಚ್ಚು, ಎಲ್ಲ ಫೋನಿನಲ್ಲೇ. ಎಂಟನೆಯ ಜಾಗ ಯಾರಿಗೆ ಎಂದು ಅಪ್ಪನನ್ನು ಪೀಡಿಸುತ್ತಿದ್ದಳು. ಅಣ್ಣ ತುಂಡುಗೈ ಎತ್ತಿ ತೋರಿಸಿದ. “ನನ್ನ ಲೆಕ್ಕದ ಫಲ ನೋಡವಾ ಇದು.” ಅವಳು ಬಿಡಲಿಲ್ಲ. ಯಾವ ವರ್ಷ, ಯಾವ ತಂಡ ಎಂದು ಕೇಳಿ ಕೇಳಿ, ಹಳೆಯದೆಲ್ಲ ಹುಡುಕಿ ತೆಗೆದಳು.

“ಪಪ್ಪಾ, ಯೇ ದೇಖೋ. ಉಸ್ ದಿನ್ ವೋ ಖೇಲಾ ಹೀ ನಹೀ! ಮ್ಯಾಚ್ ಸೇ ಪೆಹಲೇ ಘುಟನಾ ಗಯಾ ಥಾ.”

ಅಣ್ಣ ಫೋನನ್ನು ಎಡಗೈಗೆ ತೆಗೆದುಕೊಂಡ. ಬಹಳ ಹೊತ್ತು ಓದಿದ.

“ಪಂದ್ಯದ ಮೊದಲ ಮೊಣಕಾಲ ಹೋಗಿತ್ತು? ಅಂವ ಆಡಿದ್ದಿಲ್ಲ? ಹಂಗಾದ್ರ ನನ್ನ ಲೆಕ್ಕ ತಪ್ಪಿದ್ದಿಲ್ಲ.” ಅವನ ಮುಖ ನನಗೆ ಮರೆತುಹೋಗಿದ್ದ ಹಳೆಯ ಮುಖವಾಯಿತು. ಆಮೇಲೆ ನನ್ನ ಕಡೆ ತಿರುಗಿದ. ಅನುಮಾನವಿರಲಿಲ್ಲ, ಬರೀ ಕುತೂಹಲ. “ಮುಂಜಾನಿ ಟಿವ್ಯಾಗ ತೋರಿಸಿರಬೇಕಲ್ಲೋ. ನೀ ನೋಡಿದ್ದಿಲ್ಲೇನು?”

ಇಷ್ಟು ವರ್ಷ ಕಾದಿದ್ದ ಬಾಗಿಲು ತಾನಾಗಿ ತೆರೆದಿತ್ತು. ನಾನು ಹೇಳಿದ್ದು ಇದು:

“ಅವತ್ತ ಲೈಟ ಹೋಗಿತ್ತಲ್ಲಣ್ಣ. ಲೋಡ್‌ಶೆಡ್ಡಿಂಗ್.”

“ಹೌದ್ಹೌದು, ಆಗ ದಿನಾ ಹೋಗ್ತಿತ್ತು,” ಎಂದ ಅಣ್ಣ ತಕ್ಷಣ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ವೈನಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು.

“ಅವತ್ತ ನಾ ಅಂಗಿ ಇಸ್ತ್ರಿ ಮಾಡಿದ್ದೆ,” ಎಂದರು. ಯಾರನ್ನೂ ಉದ್ದೇಶಿಸಿ ಅಲ್ಲ. ಅಷ್ಟೇ ಎಂದರು.

ಅಣ್ಣನಿಗೆ ಕೇಳಿಸಿತೋ ಇಲ್ಲವೋ. ಅವನು ಮಗಳ ಫೋನಿನಲ್ಲಿ ಈ ವರ್ಷದ ಪಟ್ಟಿ ತೆರೆಸಿ, ಉಳಿದ ಪಂದ್ಯಗಳನ್ನು ಬೆರಳು ಮಡಚಿ ಎಣಿಸತೊಡಗಿದ್ದ. ಅಷ್ಟು ಖುಷಿಯಲ್ಲಿ ಅವನನ್ನು ನೋಡಿ ಎಷ್ಟೋ ವರ್ಷವಾಗಿತ್ತು. ತಲೆ ಎತ್ತದೆಯೇ ಹೇಳಿದ:

“ಈ ಸಲ ನೀನ ಮುಂಜಾನಿ ಎದ್ದ ಸುದ್ದಿ ನೋಡಿ ಹೇಳೋ ತಮ್ಮಾ. ಇವಳು ಎಂಟರ ತನಕ ಏಳೂದಿಲ್ಲ. ಮೊದಲಿನಂಗ ನೀನ ನನ್ನ ಕಣ್ಣು.”

ನಾನು ಹ್ಞೂಂ ಎಂದೆ. ಚಪ್ಪಲಿ ಹೊರಗಿದ್ದವು. ಹೊರಗೆ ಹೋಗಲು ಅಡುಗೆಮನೆಯ ಮುಂದಿನಿಂದಲೇ ದಾರಿ. ವೈನಿ ಅಲ್ಲೇ ನಿಂತಿದ್ದರು.