ಸಾಣೆಯಣ್ಣನ ಸ್ವಂತ ಮೂಳೆ

ವೈದ್ಯಕೀಯ ಕಾಲೇಜಿನ ಹಿಂಬದಿ ಕೋಣೆಯಲ್ಲಿ ವಿದ್ಯಾರ್ಥಿಗಳ ಪಾಠಕ್ಕೆಂದು ಮೂಳೆ ಉಜ್ಜುವವನನ್ನು ಎಲ್ಲರೂ ಸಾಣೆಯಣ್ಣ ಅಂತಲೇ ಕರೆಯುತ್ತಿದ್ದರು. ಗಟ್ಟಿ ಮೂಳೆಯನ್ನು ಗರಗಸದಲ್ಲಿ ತೆಳ್ಳಗೆ ಕೊಯ್ದು, ಒದ್ದೆ ಕಲ್ಲಿನ ಮೇಲೆ ಬೆರಳಲ್ಲೇ ಒತ್ತಿ ತಿಕ್ಕಬೇಕು. ಅಡಿಯಲ್ಲಿಟ್ಟ ಪೇಪರಿನ ಅಕ್ಷರ ಕಾಣುವವರೆಗೆ. ಒಂಚೂರು ಹೆಚ್ಚಾಯಿತೋ, ಪುಡಿ ಪುಡಿ. ಹದವಾಗಿ ಬಂತೋ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಸ್ವಾಮಿ! ನಡುವೆ ರಕ್ತನಾಳದ ತೂತು, ಅದರ ಸುತ್ತ ಉಂಗುರದಾಚೆ ಉಂಗುರ, ಉಂಗುರಗಳ ಸಂದಿಯಲ್ಲಿ ಇರುವೆ ಸಾಲಿನ ಹಾಗೆ ಕಪ್ಪು ಚುಕ್ಕೆ.

ಇಂಥವನ ಬಲಗಾಲಿನ ಪಾದದ ಮೇಲೆ ಲಾರಿ ಹರಿಯಿತು. ಕೀವಾಗಿ, ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಸುದ್ದಿ ಕಿವಿಗೆ ಬಿತ್ತು: ವಿಭಾಗದ ಮೇಡಂ ಬೇರೆಯವನನ್ನು ಹುಡುಕುತ್ತಿದ್ದಾರಂತೆ. ಕೆಲಸ ಹೋದರೆ ಗತಿಯೇನು? ಅವನಿಗೆ ಬೇರೇನೂ ಬಾರದು. ಡಾಕ್ಟರ ಕೈಕಾಲು ಹಿಡಿದು, "ನಂದೇ ಕಾಲು, ನಂಗೇ ಕೊಡಿ" ಅಂತ ಗೋಗರೆದು ಮೂಳೆ ಇಸಿದುಕೊಂಡ.

ಮನೆಯಲ್ಲಿ ಅದನ್ನು ಬೇಯಿಸುವಾಗ ಹೆಂಡತಿ ಮೂಗು ಮುಚ್ಚಿಕೊಂಡು ಅತ್ತಳು. "ಥೂ, ನಿಮಗೇನು ತಲೆ ಕೆಟ್ಟಿದೆಯೇನ್ರೀ?"

"ಕಾಲು ಹೋದ್ರೆ ಹೋಗ್ಲಿ ಕಣೇ. ಕೈ ನೆಟ್ಟಗಿದೆ ಅಂತ ಅವ್ರಿಗೆ ತೋರಿಸ್ಬೇಡ್ವಾ?"

ಊರುಗೋಲು ಊರುತ್ತಾ ಹೋಗಿ, ಉಜ್ಜಿದ ಚೂರನ್ನು ಗಾಜಿನ ಮೇಲಿಟ್ಟು ಮೇಡಂ ಮುಂದೆ ಹಿಡಿದ. ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ನೋಡಿದರು.

"ಅಬ್ಬಾ! ಇಷ್ಟು ಚೆನ್ನಾಗಿ ನೀನು ಯಾವತ್ತೂ ಮಾಡಿರ್ಲಿಲ್ಲ. ಯಾರದಯ್ಯಾ ಇದು?"

"ನಂದೇ ಮೇಡಂ."

ಮೇಡಂ ನಕ್ಕೇಬಿಟ್ಟರು. "ಅಯ್ಯೋ, ಒಳ್ಳೇ ಮೂಳೆ ಕಳ್ಕೊಂಡ್ಯಲ್ಲ! ಆದ್ರೆ ನೋಡು, ಇಲ್ಲಿ ದಿನವಿಡೀ ನಿಂತು ಉಜ್ಜೋ ಕೆಲಸ. ಒಂಟಿ ಕಾಲಲ್ಲಿ ನಿಲ್ಲಕ್ಕಾಗತ್ತಾ? ನಾಳೆಯಿಂದ ಹೊಸಬ ಬರ್ತಾನೆ."

ಸಾಣೆಯಣ್ಣ ಗಾಜನ್ನು ಎತ್ತಿ ಹೆಗಲ ಚೀಲಕ್ಕೆ ಹಾಕಿಕೊಳ್ಳಹೋದ.

"ಮೂಳೆ ಇನ್ನೂ ಮಿಕ್ಕಿದ್ಯಾ?"

ಚೀಲ ತೋರಿಸಿದ.

"ಪರೀಕ್ಷೆ ಹತ್ರ ಬಂತು. ಅಷ್ಟನ್ನೂ ಉಜ್ಜಿಕೊಟ್ಟೇ ಹೋಗು" ಎಂದ ಮೇಡಂ, ತಮ್ಮ ಸ್ಟೂಲನ್ನು ತಾವೇ ಕಲ್ಲಿನ ಪಕ್ಕಕ್ಕೆ ಎಳೆದರು. "ಪಾಪ, ನಿಂತ್ಕೋಬೇಡ. ಕೂತ್ಕೊಂಡೇ ಮಾಡು."

ಅವನು ಕೂತ. ಮೂಳೆ ಮುಗಿಯುವವರೆಗೂ ಕೂತೇ ಉಜ್ಜಿದ. ಒಂದು ಚೂರೂ ಪುಡಿಯಾಗಲಿಲ್ಲ.