ಮಹಾರಾಣಿಯ ಗಂಡ

ಮದುವೆಯಾಗಿ ಸುಳ್ಯಕ್ಕೆ ಬಂದ ಮೇಲೆ ನಾನು ಹಿಂದಿ ಪರೀಕ್ಷೆಗಳಿಗೆ ಕಟ್ಟಲು ಶುರುಮಾಡಿದೆ. ಆಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅತ್ತೆಯದ್ದು ಒಂದೇ ಷರತ್ತು: ಒಂದು ಸಲ ಫೇಲಾದರೆ ಪುಸ್ತಕ ಅಟ್ಟಕ್ಕೆ.

ಮನೆಯಲ್ಲಿ ಒಂದು ತೊಡಕಿತ್ತು. ಅರಸನಿಗೆ ಹಿಂದಿಯಲ್ಲಿ ಹೇಳುವ ಆ ಎರಡಕ್ಷರವೇ ನಮ್ಮವರ ಹೆಸರು. ಗಂಡನ ಹೆಸರು ಹೇಳುವ ಕ್ರಮ ನಮ್ಮಲ್ಲಿಲ್ಲ. ಅದು ಅವರ ಅಜ್ಜನ ಹೆಸರೂ ಆದ್ದರಿಂದ, ತಮ್ಮ ಮಾವನ ಹೆಸರೆತ್ತಬಾರದೆಂದು ಅತ್ತೆಯೂ ಮಗನನ್ನು ಹೆಸರು ಹಿಡಿದು ಕರೆದವರಲ್ಲ. ಪುರಾಣ ಹೇಳುವಾಗಲೂ ನಾವಿಬ್ಬರು ದಶರಥ ಅರಸು ಎಂದೇ ಹೇಳುದು.

ಬಾಯಿಪರೀಕ್ಷೆ ಪುತ್ತೂರಿನಲ್ಲಿ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ದರ್ಬೆಯಲ್ಲಿ ಇಳಿಯುವಾಗ ಮಳೆಯೂ ನಿಂತಿತ್ತು. ಇಷ್ಟಾದರೂ ಕೊಟ್ಟನಲ್ಲ ದೇವರು ಅಂದುಕೊಂಡೆ.

ಪರೀಕ್ಷಕರು ಮದ್ರಾಸಿನಿಂದ ಬಂದ ವಯಸ್ಸಾದವರು. ಕನ್ನಡ ಬಾರದ ಕಾರಣ ಇಂಗ್ಲಿಷಿನಲ್ಲಿ ಅರ್ಥ ಹೇಳಿ ಹಿಂದಿ ಶಬ್ದ ಕೇಳುತ್ತಿದ್ದರು. ನಾನು ಎಂಟನೆಯವರೆಗೆ ಕಲಿತವಳು, ಅಷ್ಟು ತಿಳಿಯುತ್ತಿತ್ತು. ಕೊನೆಗೆ ‘ಗ್ರೇಟ್ ಕಿಂಗ್’ ಎಂದರು. ಅದರ ಹಿಂದಿ ಬಿರುದು ಯಾವುದು, ಎಲ್ಲಿಂದ ಬಂತು?

ನಾನು ಬಾದಶಾಹ ಎಂದೆ. ಅದು ಪಾರಸಿಯದ್ದು, ಸಂಸ್ಕೃತದಿಂದ ಬಂದದ್ದನ್ನು ಹೇಳಿ ಎಂದರು. ಅವರು ಮಾರ್ಕು ಹಾಕಲು ಪೆನ್ನು ತೆಗೆದರು. ಪುಸ್ತಕ ಅಟ್ಟಕ್ಕೆ ಹೋದಂತೆಯೇ ಎಂದು ಕಂಡಿತು.

“ಮಹಾರಾನೀ ಕೇ ಪತಿ,” ಎಂದೆ.

ಅವರು ತಲೆ ಎತ್ತಿದರು. ನನ್ನ ಕರಿಮಣಿ ನೋಡಿದರು. ಯಜಮಾನರ ಹೆಸರು ಏನೆಂದು ಕೇಳಿದರು. ನಾನು ನೆಲ ನೋಡಿದೆ. ಅವರ ಮನೆಯಲ್ಲೂ ಇದೇ ಕ್ರಮವಿತ್ತೋ ಏನೋ, ಮೀಸೆಯೊಳಗೆ ನಕ್ಕು ಹಿಂದಿಯಲ್ಲೇ ಹೇಳಿದರು:

“ಗಂಡ ಇರಲಿ. ಹೆಂಡತಿಯದ್ದೇ ಹೇಳಿ.”

ಅದಕ್ಕೆಂತ ಕಷ್ಟ? ಮಹಾ ಎಂದರೆ ಗ್ರೇಟ್, ರಾಣಿ ಎಂದರೆ ಕ್ವೀನ್, ಸಂಸ್ಕೃತದ ‘ರಾಜ್ಞೀ’ ಸವೆದು ರಾಣಿಯಾದದ್ದು, ಇಂಗ್ಲಿಷಿನವರು ಮಹಾರಾಣಿ ಶಬ್ದವನ್ನು ಹಾಗೆಯೇ ಎತ್ತಿಕೊಂಡಿದ್ದಾರೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಆ ‘ರಾಜ್ಞೀ’ ಶುಕ್ರವಾರ ದೇವಿಯ ನಾಮಗಳನ್ನು ಓದುವಾಗ ನನ್ನ ಬಾಯಿಗೆ ಬರುವ ಶಬ್ದ. ಅವಳೇ ದಾಟಿಸಿದಳೆಂದು ಈಗಲೂ ನನ್ನ ನಂಬಿಕೆ.

ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ.

“ಹೆಸರು ಹೇಳಿದ್ದುಂಟಾ?”

ಇಲ್ಲವೆಂದು ನಡೆದದ್ದನ್ನೆಲ್ಲ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಪಾಸಾಯಿತು, ಅಂಚಿನಲ್ಲಿ. ಮುಂದಿನ ಪರೀಕ್ಷೆಗೆ ಅರ್ಜಿ ತರಿಸು ಎಂದವರು ಅತ್ತೆಯೇ. ಮಗನನ್ನು ಊಟಕ್ಕೆ ಕರೆಯಲು ಅವರಿಗೂ ಕೊನೆಗೊಂದು ಹೆಸರು ಸಿಕ್ಕಿತ್ತು. ಎಲೆ ಹಾಕಿ ಜಗಲಿಯ ಕಡೆ ತಿರುಗಿ ಕೇಳುವರು: “ಮಹಾರಾಣಿಯ ಗಂಡ ಬಂದನಾ?”